ಗೋಕಟ್ಟೆಯ ಬಿಳಿ ಮೂಳೆಗಳು

ಏಪ್ರಿಲ್ 8, ಮಂಗಳವಾರ

ಮೂಳೆಯ ಕಥೆಯನ್ನು ಮೊದಲು ಹೇಳಿದವಳು ಪ್ರೇಮಲತಾ. ಇವತ್ತು ಬೆಳಿಗ್ಗೆ, ಬಿಸಿಲು ಏರುವ ಮುಂಚೆ, ಮಣ್ಣಿನ ಬುಟ್ಟಿ ಇನ್ನೂ ತಲೆಯ ಮೇಲಿರುವಾಗಲೇ. ನಾನು ಎಂದಿನಂತೆ ಕಟ್ಟೆಯ ಏರಿಯ ಮೇಲೆ ನಿಂತು ಉದ್ಯೋಗ ಖಾತ್ರಿಯ ಹಾಜರಿ ಕೂಗುತ್ತಿದ್ದೆ.

"ಅಕ್ಕಾ, ಕೆಳಗೆ ಯಾರೋ ಮಲಗ್ಯಾರೆ ಕಣಕ್ಕ."

"ಖಾತ್ರಿ ಕೆಲಸದಾಗೆ ಮಲಗೋರು ಮೇಲೇ ಇರ್ತಾರೆ. ಕೆಳಗ್ಯಾಕೆ ಹೋಗ್ತಾರೆ?" ಎಂದ ಕೆಂಚಣ್ಣ. ಎಲ್ಲರೂ ನಕ್ಕರು. ಇಳಿದು ನೋಡಿದ ಮೇಲೆ ಯಾರೂ ನಗಲಿಲ್ಲ.

ಬಿಳಿ. ತೋಳಿನ ದಪ್ಪ. ಅಲ್ಲಲ್ಲಿ ಗಂಟು. ಮುರಿದ ತುದಿಯಲ್ಲಿ ತೂತು. ಒಂದು ಉದ್ದಕ್ಕೆ ತೊಡೆಯ ಮೂಳೆಯ ಹಾಗೆ, ಅದರ ಪಕ್ಕ ಸಣ್ಣವು ಬಾಗಿಕೊಂಡು ಪಕ್ಕೆಲುಬಿನ ಹಾಗೆ. ಮನುಷ್ಯರದಲ್ಲ, ಅಷ್ಟು ದೊಡ್ಡವು. ದನದ್ದು ಅಂದರು ಯಾರೋ. ದೇವರ ಎತ್ತಿನದು ಅಂದರು ಇನ್ನೊಬ್ಬರು.

ಮಾವ ಬಂದರು. ರುಮಾಲು ತೆಗೆದರು. ಮಂಡಿಯೂರಿ ಕೂತು ಮುಟ್ಟದೆ ನೋಡಿದರು. ಎಷ್ಟೋ ಹೊತ್ತು.

"ಅಗೆಯೋದು ನಿಲ್ಲಿಸ್ರಿ."

ಗುದ್ದಲಿಗಳು ಕೆಳಗಾದವು. ಮೆಂಬರ್ ನಾನು. ಐದು ವರ್ಷ ಪಂಚಾಯ್ತಿ ಮೀಟಿಂಗಿನಲ್ಲಿ ಗಂಟಲು ಹರಿದುಕೊಂಡು, ದನಕ್ಕೆ ನೀರು ನಿಲ್ಲಲಿ ಅಂತ ಈ ಹಳೇ ಗೋಕಟ್ಟೆ ಅಗೆಯುವ ಕೆಲಸ ತಂದವಳು ನಾನು. ಒಬ್ಬರೂ ನನ್ನ ಮುಖ ನೋಡಲಿಲ್ಲ.

ಏಪ್ರಿಲ್ 10, ಗುರುವಾರ

ಕೆಲಸ ನಿಂತೇ ಇದೆ.

ಮಾವ ಕ್ಯಾತಣ್ಣ ನಮ್ಮ ಹಟ್ಟಿಯ ಕಿಲಾರಿ, ದೇವರ ದನ ಕಾಯುವವರು. ಆ ದನಗಳಿಗೆ ನೊಗ ಇಡುವುದಿಲ್ಲ, ಮಾರುವುದಿಲ್ಲ. ಸತ್ತರೆ ಹೊಸ ಬಟ್ಟೆ ಹೊದಿಸಿ, ಉರುಮೆ ಬಾರಿಸಿ ಮಣ್ಣು ಮಾಡುತ್ತಾರೆ. ಮೇಲೊಂದು ಕಲ್ಲು ನಿಲ್ಲಿಸುತ್ತಾರೆ. ಆ ಜಾಗವನ್ನು ಮತ್ತೆ ಯಾರೂ ಅಗೆಯುವುದಿಲ್ಲ. ಇದೆಲ್ಲ ಸೊಸೆಯಾಗಿ ಬಂದ ದಿನದಿಂದ ಗೊತ್ತು. ಬೂದಿಗ ಅನ್ನುವ ಎತ್ತಿನ ವಿಷಯ ಇವತ್ತೇ ಗೊತ್ತಾದದ್ದು.

ದನ ಕೂಡುವ ರೊಪ್ಪದ ಬೇಲಿ ಆಚೆ ನಿಂತು ಕೇಳಿದೆ. ಮಾವ ಎತ್ತಿನ ಮೈ ಉಜ್ಜುತ್ತಿದ್ದರು.

"ನಾನು ಹಿಂಗೆ, ಸೊಂಟದುದ್ದ ಇದ್ದೆ. ಮೇವಿಲ್ಲ ಅಂತ ದನ ಹೊಡ್ಕೊಂಡು ಹೋಗಿದ್ರು. ವಾಪಸ್ ಬರುವಾಗ ಬೂದಿಗ ಕಟ್ಟೆ ಹತ್ರ ಬಿದ್ದ. ಅವತ್ತೇ ಮಳೆ ಹಿಡ್ಕಂತು. ಹೂಳಿದ್ರು, ಕಲ್ಲು ನಿಲ್ಸೋಕೆ ಆಗ್ಲಿಲ್ಲ. ನೀರು ಇಳಿದ ಮೇಲೆ ನೋಡಿದ್ರೆ ಜಾಗವೇ ಗುರುತು ಸಿಗ್ಲಿಲ್ಲ. ನಮ್ಮಪ್ಪ ಸಾಯುವಾಗ ಅನ್ನ ಕೇಳ್ಲಿಲ್ಲ, ನೀರು ಕೇಳ್ಲಿಲ್ಲ. ಬೂದಿಗಂಗೆ ಕಲ್ಲು ನಿಲ್ಸು ಅಂದ."

ಮಾವ ಅಳಲಿಲ್ಲ. ಮುಖದಲ್ಲಿ ಒಂಥರಾ ಬೆಳಕು ಇತ್ತು.

ಓಬಳೇಶ್‌ಗೆ ಹೇಳಿದರೆ, "ಆ ಕಡೆ ಅಪ್ಪ, ಈ ಕಡೆ ಮೆಂಬರ್. ನಂದು ಶೇರ್ ಆಟೋ. ಇಬ್ರನ್ನೂ ಹತ್ತಿಸ್ಕೊಳ್ಳೋದು ಅಷ್ಟೇ, ದಾರಿ ಹೇಳೋದು ನನ್ನ ಕೆಲಸ ಅಲ್ಲ" ಅನ್ನುತ್ತಾನೆ. ಗಂಡ!

ಆದರೆ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಎಲುಬುಗಳಿವೆ, ತಲೆಬುರುಡೆ ಇಲ್ಲ. ಕೊಂಬಿಲ್ಲ. ಹಲ್ಲಿಲ್ಲ. ಮತ್ತೆ, ಮೂಳೆ ಹೀಗೆ ಕವಲೊಡೆಯುತ್ತದೆಯೇ?

ಏಪ್ರಿಲ್ 13, ಭಾನುವಾರ

ಚಳ್ಳಕೆರೆಗೆ ಹೋಗಿ ಬಂದೆ. ಏರಿಯಿಂದ ಉರುಳಿಬಿದ್ದಿದ್ದ ಬೆರಳುದ್ದದ ಒಂದು ಚೂರು ಸೆರಗಿನ ಗಂಟಿನಲ್ಲಿ. ಕದ್ದದ್ದಲ್ಲ. ಉರುಳಿ ನನ್ನ ಕಾಲಿಗೇ ಬಂದಿತ್ತು. ಹಾಗಂತ ಮಾವನಿಗೆ ಹೇಳುವ ಧೈರ್ಯವೂ ಇಲ್ಲ.

ಶಿಲ್ಪಾ ಪಿಯುಸಿಯಲ್ಲಿ ನನ್ನ ಬೆಂಚಿನವಳು. ಎಣ್ಣೆ ಮಿಲ್ಲಿನವರ ಮಗಳು. ಈಗ ಅಂತರ್ಜಲದ ಸರ್ವೆ ಮಾಡುತ್ತಾಳೆ, ಕಲ್ಲು ಮಣ್ಣು ಎಲ್ಲ ಓದಿದ್ದಾಳೆ. ಮನೆಯೆಲ್ಲ ಶೇಂಗಾ ಹಿಂಡಿಯ ವಾಸನೆ. ಚೂರನ್ನು ಲೆನ್ಸ್ ಹಿಡಿದು ನೋಡಿದಳು. ಕಾಫಿ ಆರಿಹೋಯಿತು.

"ಇದು ಬೇರು ಕಣೇ."

"ಬೇರು ಕಲ್ಲಾಗುತ್ತಾ?"

"ಬೇರು ಕಲ್ಲಾಗಲ್ಲ. ಬೇರಿನ ಸುತ್ತ ಕಲ್ಲು ಬೆಳೆಯುತ್ತೆ. ಬೋರ್ ನೀರು ಕಾಯಿಸೋ ಹಂಡೆ ತಳ ನೋಡಿದೀಯಲ್ಲ, ಬಿಳಿ ಪರೆ?"

ನೋಡದೇ ಏನು. ತಿಂಗಳಿಗೊಮ್ಮೆ ಕೆರೆದು ಕೆರೆದು ಉಗುರು ಹೋಗಿದೆ.

ಅವಳು ಹೇಳಿದ್ದು ಮರೆಯುವ ಮುಂಚೆ ಬರೆದಿಡುತ್ತೇನೆ. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹಿಡಿದು ತುಸು ಹುಳಿಯಾಗುತ್ತದೆ. ಹುಳಿ ನೀರು ಕಲ್ಲುಮಣ್ಣಿನ ಸುಣ್ಣ ಕರಗಿಸಿಕೊಂಡು ಕೆಳಗೆ ಇಳಿಯುತ್ತದೆ. ಬಿಸಿಲುಗಾಲದಲ್ಲಿ ಬೇರು ಆ ನೀರನ್ನು ಎಳೆಯುತ್ತದೆ. ನೀರು ಒಳಗೆ ಹೋಗುತ್ತದೆ, ಸುಣ್ಣದ ಬಹುಪಾಲು ಹೊರಗೇ ಉಳಿದು ಬೇರಿನ ಮೈಗೆ ಅಂಟುತ್ತದೆ. ಮೊದಲ ಕಣ ಕೂರುವುದೇ ಕಷ್ಟವಂತೆ. ಒಂದು ಕೂತರೆ ಅದನ್ನು ಹಿಡಿದು ಮುಂದಿನದು, ಅದನ್ನು ಹಿಡಿದು ಇನ್ನೊಂದು. ಪರೆಯ ಮೇಲೆ ಪರೆ. ಬೇರು ಸಾಯುತ್ತದೆ, ಕೊಳೆಯುತ್ತದೆ, ತೂತು ಉಳಿಯುತ್ತದೆ. ಕೆಲವು ಸಲ ಆ ತೂತನ್ನೂ ಸುಣ್ಣ ತುಂಬುತ್ತದೆ. ನಮ್ಮ ಹೊಲದಲ್ಲಿ ಎಷ್ಟು ಆಯ್ದರೂ ಮುಗಿಯದ ಸುಣ್ಣದ ಹರಳು ಕೂಡ ಇದೇ ಜಾತಿ. ಬೇರಿನ ಬದಲು ಒಂದು ಮರಳಿನ ಕಾಳಿನ ಸುತ್ತ ಬೆಳೆದದ್ದು, ಅಷ್ಟೇ.

ನೂರಾರು ವರ್ಷ ಬೇಕು, ಸಾವಿರಾರೂ ಬೇಕಾಗಬಹುದು ಅಂದಳು. ಸರಿ, ನನಗೆ ಅಷ್ಟು ಟೈಮ್ ಇಲ್ಲ. "ನಾಡಿದ್ದು ಬಾ" ಎಂದೆ.

ಏಪ್ರಿಲ್ 15, ಮಂಗಳವಾರ

ಕೆಟ್ಟಿತು.

ಶಿಲ್ಪಾ ಸ್ಕೂಟಿಯಲ್ಲಿ ಬಂದಳು. ಹಟ್ಟಿ ಹಿರಿಯರೆಲ್ಲ ಗುಂಡಿಯ ಸುತ್ತ. ಸಣ್ಣ ಬಾಟಲಿಯಿಂದ ಆ್ಯಸಿಡ್ ಒಂದು ಹನಿ ಹಾಕಿದಳು. ಬುರಬುರ ನೊರೆ ಬಂತು.

"ನೋಡಿ ಯಜಮಾನ್ರೇ, ಸುಣ್ಣ."

ಮಾವ ನಿಧಾನಕ್ಕೆ ತಲೆಯಾಡಿಸಿದರು. "ಮೂಳೇಲೂ ಸುಣ್ಣ ಐತಲ್ಲವ್ವ?"

ಶಿಲ್ಪಾ ಬಾಟಲಿಯ ಮುಚ್ಚಳ ತಿರುಗಿಸಿದಳು. "ಅದು ಬೇರೆ ಥರ…"

"ಮೊನ್ನೆ ಸೂಜಿ ಹಾಕಿದ ಡಾಕ್ಟ್ರೂ ಅದೇ ಅಂದ್ರು. ಮೂಳೇಲಿ ಕ್ಯಾಲ್ಸಿಯಂ ಕಮ್ಮಿ ಐತೆ ಅಂತ ಗುಳಿಗೆ ಬರ್ಕೊಟ್ರು."

ಎಲ್ಲ ನಕ್ಕರು. ಶಿಲ್ಪಾಳ ಮುಖ ಕೆಂಪಾಯಿತು. ಆಗ ಅವಳು ಮಾಡಬಾರದ್ದು ಮಾಡಿದಳು. ಒಳಗಿನ ಪರೆ ತೋರಿಸುತ್ತೇನೆ ಅಂತ ಉದ್ದದ ಒಂದನ್ನು ಎತ್ತಿ ಸುತ್ತಿಗೆಯಿಂದ ಟಕ್ಕಂತ ಒಡೆದಳು. ಮಾವ ಎರಡು ಕೈಯಲ್ಲೂ ತಮ್ಮದೇ ಮೊಳಕಾಲು ಹಿಡಿದುಕೊಂಡರು, ಪೆಟ್ಟು ಅಲ್ಲಿಗೇ ಬಿದ್ದ ಹಾಗೆ.

ಬೈಯಲಿಲ್ಲ. "ನೀನು ಊಟ ಮಾಡ್ಕೊಂಡು ಹೋಗವ್ವ, ಬಿಸಿಲೈತೆ" ಅಂತ ಅವಳಿಗೆ ಹೇಳಿ ಹೊರಟರು. ನನ್ನ ಕಡೆ ನೋಡಲಿಲ್ಲ.

ಸುಟ್ಟು ತೋರಿಸಬಹುದಿತ್ತು. ಸುಣ್ಣವಾದರೆ ಸುಟ್ಟ ಮೇಲೆ ನೀರು ಹಾಕಿದರೆ ಕುದ್ದು ಅರಳುತ್ತದೆ, ಯಾರಾದರೂ ನಂಬುತ್ತಾರೆ. ಆದರೆ ಅದು ನಿಜಕ್ಕೂ ಬೂದಿಗನ ಮೂಳೆಯಾಗಿದ್ದರೆ? ದೇವರ ಎತ್ತನ್ನು ಬೆಂಕಿಗೆ ಹಾಕಿದವಳು ಅಂತಾಗುತ್ತದೆ. ಮೂಳೆ ಅಲ್ಲ ಅಂತ ತೋರಿಸದೆ ಸುಡುವಂತಿಲ್ಲ. ಸುಡದೆ ತೋರಿಸುವಂತಿಲ್ಲ.

ಏಪ್ರಿಲ್ 22, ಮಂಗಳವಾರ

ಒಂದು ವಾರ ಬರೆಯಲಿಲ್ಲ. ಮಾತು ನಿಂತ ಮನೆಯಲ್ಲಿ ಬರೆಯಲು ಏನಿರುತ್ತದೆ. ಮಾವ ಊಟಕ್ಕೂ ಬರುತ್ತಿಲ್ಲ. ಮುದ್ದೆ ರೊಪ್ಪಕ್ಕೇ ಕಳಿಸುತ್ತೇನೆ. ತಟ್ಟೆ ತೊಳೆದು ವಾಪಸ್ ಬರುತ್ತದೆ. ತೊಳೆದ ತಟ್ಟೆಯಷ್ಟು ಸಿಟ್ಟು ಬೈಗುಳದಲ್ಲೂ ಇರುವುದಿಲ್ಲ.

ಇವತ್ತು ಪ್ರೇಮಲತಾ ಓಡಿ ಬಂದಳು. ಮಾವ ಮೊಳಕಾಲ್ಮೂರು ಕಡೆಯ ಕಲ್ಲು ಒಡೆಯುವವರಿಗೆ ಹೇಳಿ ಕಲ್ಲು ಮಾಡಿಸುತ್ತಿದ್ದಾರಂತೆ. ಬಸವ ಜಯಂತಿ ದಿನ ಗುಂಡಿಯಲ್ಲೇ ನಿಲ್ಲಿಸುತ್ತಾರಂತೆ.

ಅಲ್ಲಿಗೆ ಮುಗಿಯಿತು. ಕಲ್ಲು ನಿಂತ ಜಾಗದಲ್ಲಿ ಇನ್ನು ಯಾವತ್ತೂ ಗುದ್ದಲಿ ಬೀಳುವುದಿಲ್ಲ. ನೀರು ಬಂದು ನಿಲ್ಲುವ ತಗ್ಗು ಅದೊಂದೇ. ಭರಣಿ ಮಳೆ ಬಂದರೂ ಹರಿದು ಹಳ್ಳಕ್ಕೆ ಹೋಗುತ್ತದೆ. ದೇವರ ದನಗಳನ್ನು ನೀರಿಗಾಗಿ ರಾಯದುರ್ಗದ ಕಡೆ ಹೊಡೆದುಕೊಂಡು ಹೋಗಬೇಕು. ಬೂದಿಗ ಬಿದ್ದದ್ದೂ ಅಂಥದೇ ದಾರಿಯಲ್ಲಿ. ಅಷ್ಟು ದೂರ ನಡೆಯಲು ಮಾವನ ಮಂಡಿ ಈಗ ಕೇಳುವುದಿಲ್ಲ. ಆದರೂ ಹೋಗೇ ಹೋಗುತ್ತಾರೆ.

ಬಿಡುವುದಿಲ್ಲ. ಇನ್ನೂ ಒಂದು ವಾರ ಇದೆ.

ಏಪ್ರಿಲ್ 24, ಗುರುವಾರ

ಸಿದ್ದಾಪುರ. ಅವ್ವನ ತಾಯಿ ಸೂರಮ್ಮಜ್ಜಿಯ ಮನೆ. ಮೊಳಕಾಲ್ಮೂರು ಬಸ್ಸಿನಲ್ಲಿ ನಿಂತೇ ಹೋದೆ. ಅಜ್ಜಿ ಹಳೇ ಶಾಸನ ಕೊರೆದ ಬಂಡೆ, ಅಕ್ಷರಗುಂಡಿನ ಹತ್ತಿರ ಆಡು ಬಿಟ್ಟು ನೆರಳಲ್ಲಿ ಕೂತಿದ್ದಳು. ನನಗೆ ಕಥೆ ಕಲಿಸಿದವಳು ಅವಳೇ. ತೆಲುಗು ಅರ್ಧ, ಕನ್ನಡ ಅರ್ಧ, ಉಳಿದದ್ದು ಬೈಗುಳ.

ಎಲ್ಲ ಕೇಳಿದಳು. "ಆ ಪಿಲ್ಲ, ಶಿಲ್ಪಾ ಅಂದ್ಯಲ್ಲ. ಆಕಿ ಏನು ಮಾಡಿದ್ಲು?"

"ಅದು ಮೂಳೆ ಅಲ್ಲ ಅಂದ್ಲು."

"ಅದೇ ತಪ್ಪು. ಅಲ್ಲ ಅನ್ನೋದರಿಂದ ಕಥೆ ಶುರು ಆಗ್ತೈತೇನೇ? ರಾಜ ಇರಲಿಲ್ಲ, ರಾಣಿ ಇರಲಿಲ್ಲ ಅಂದ್ರೆ ಯಾವನು ಕೂತು ಕೇಳ್ತಾನೆ? ಏನೈತೋ ಅದನ್ನ ಹೇಳು. ಹುಟ್ಟಿದ್ದು ಹೇಳು, ಬೆಳೆದದ್ದು ಹೇಳು."

"ಹುಟ್ಟಿದ್ದು ಯಾರು ನೋಡ್ಯಾರೆ ಅಜ್ಜಿ? ಸಾವಿರ ವರ್ಷ ಆಗಿರ್ತದೆ."

"ಇವತ್ತು ಎಲ್ಲೂ ಹುಟ್ಟಲ್ವೇನು? ನಮ್ಮೂರಾಗೆ ಮುದುಕಿ ನಾನಿದೀನಿ ಅಂತ ಕೂಸು ಹುಟ್ಟೋದು ನಿಂತೈತಾ?"

ಬಸ್ಸಿನಲ್ಲಿ ವಾಪಸ್ ಬರುವಾಗ ಎದ್ದು ನಿಂತುಬಿಟ್ಟೆ, ಸೀಟು ಸಿಕ್ಕಿದ್ದರೂ. ಕಟ್ಟೆಯ ಅಂಚಿನಲ್ಲಿ ಕರಿಜಾಲಿ ಮರ ಇದೆ. ಇನ್ನೂ ಹಸಿರಾಗಿದೆ. ಅದಕ್ಕೂ ಬೇರು ಇವೆ.

ಏಪ್ರಿಲ್ 26, ಶನಿವಾರ

ಸಿಕ್ಕಿತು ಸಿಕ್ಕಿತು ಸಿಕ್ಕಿತು.

ಬೆಳಿಗ್ಗೆಯಿಂದ ನಾನು ಮತ್ತು ಪ್ರೇಮಲತಾ. ಗುಂಡಿಗೆ ಇಳಿಯಲಿಲ್ಲ, ಅಲ್ಲಿ ಅಗೆಯಬಾರದೆಂದು ಮಾವನ ಆಣೆ ಇದೆ. ಮರದ ಈಚೆ, ಹಿಂದಿನ ಮಳೆಗೆ ಕೊರೆದುಹೋದ ದರೆಯಲ್ಲಿ ಬೇರು ಹಿಡಿದು ಬಿಡಿಸುತ್ತ ಹೋದೆವು. ಹಾರೆ ಮುಟ್ಟಿಸಲಿಲ್ಲ. ಕುಡುಗೋಲಿನ ತುದಿ, ಕೈಬೆರಳು ಅಷ್ಟೇ.

ಮೊದಲು ಬರಿಯ ಬೇರು. ಆಮೇಲೆ ಒಂದು ಕಿರುಬೆರಳಿನಷ್ಟರ ಮೇಲೆ ಬೆಳ್ಳಗೆ, ಒಣಗಿದ ಮಜ್ಜಿಗೆ ಮೆತ್ತಿದ ಹಾಗೆ. ಉಗುರು ಹಾಕಿದರೆ ಪುಡಿ ಉದುರಿತು. ಒಳಗೆ ಹಸಿ, ರಸ ಜಿನುಗಿತು. ಬದುಕಿದ ಬೇರು! ಇನ್ನೂ ಕೆಳಗೆ ಹೋದರೆ ಇನ್ನೊಂದು, ಅದರ ಪರೆ ಬಳೆಯಷ್ಟು ದಪ್ಪ, ಒಳಗೆ ಬೇರು ಒಣಗಿ ಕಂದು ದಾರದಂತಾಗಿದೆ. ಅದಕ್ಕೂ ಕೆಳಗೆ, ಯಾವ ಕಾಲದ ಯಾವ ಮರದ್ದೋ, ಬರೀ ಕೊಳವೆ. ಎಲ್ಲಕ್ಕಿಂತ ತಳದಲ್ಲಿ ತೂತೂ ಮುಚ್ಚಿದ ಗಟ್ಟಿ ಕಲ್ಲು. ಗುಂಡಿಯಲ್ಲಿರುವುದರ ತದ್ರೂಪು.

"ನೋಡಕ್ಕ! ಕೂಸು, ಹುಡುಗಿ, ಹೆಂಗಸು, ಮುದುಕಿ ಎಲ್ಲ ಒಂದೇ ಮನೇಲಿ ಸಿಕ್ಕಂಗಾತು" ಎಂದಳು ಪ್ರೇಮಲತಾ.

ಒದ್ದೆ ಗೋಣಿಯಲ್ಲಿ ಸುತ್ತಿಟ್ಟಿದ್ದೇನೆ. ಹಸಿಯದು ಒಣಗಬಾರದು.

ಏಪ್ರಿಲ್ 27, ಭಾನುವಾರ

ನಿನ್ನೆಯ ಖುಷಿ ಇವತ್ತು ಇಲ್ಲ.

ನಾನು ಗೆದ್ದರೆ ಮಾವನ ಬೂದಿಗ ಮತ್ತೆ ಕಳೆದುಹೋಗುತ್ತಾನೆ. ಎಪ್ಪತ್ತರ ವಯಸ್ಸಿನಲ್ಲಿ ಸಿಕ್ಕಿದ್ದನ್ನು ಸೊಸೆ ಕಿತ್ತುಕೊಂಡ ಹಾಗೆ. ಇದನ್ನು ಯಾರಿಗೆ ಹೇಳಲಿ. ಓಬಳೇಶ್‌ಗೆ ಹೇಳಿದೆ. ಈ ಸಲ ತಮಾಷೆ ಮಾಡಲಿಲ್ಲ. "ಅಪ್ಪ ನಿನ್ನೆ ಒಂದು ಹಾಡು ಗುನುಗ್ತಿದ್ದ. ನಾನು ಕೇಳಿ ವರ್ಷಗಳೇ ಆಗಿತ್ತು" ಎಂದ.

ಅಯ್ಯೋ.

ಆದರೂ… ಬೇರಿನ ಮೇಲೆ ಕಲ್ಲು ನಿಂತರೆ ಬೂದಿಗನಿಗೆ ಏನು ಸಿಕ್ಕಿತು? ಅವನು ಎಲ್ಲೋ ಹಾಗೇ ಉಳಿದ. ದನಗಳಿಗೆ ನೀರಿಲ್ಲ, ಮಾವ ದಾರಿಯಲ್ಲಿ. ಇಲ್ಲ, ಹೇಳುತ್ತೇನೆ. ಗೋಣಿಗೆ ಮತ್ತೆ ನೀರು ಚಿಮುಕಿಸಿದೆ.

ಏಪ್ರಿಲ್ 29, ಮಂಗಳವಾರ

ರಾತ್ರಿ ತುಂಬಾ ಆಗಿದೆ. ಆದರೂ ಬರೆಯುತ್ತೇನೆ.

ಸಂಜೆ ದನ ಒಳಗಾದ ಮೇಲೆ ರೊಪ್ಪದ ಹೊರಗೆ ಜನ ಸೇರಿದರು. ನಾಳಿನ ಕಲ್ಲಿನ ಮಾತಾಡಲು. ನಾನು ಎದ್ದು, ಒಂದು ಕಥೆ ಹೇಳುತ್ತೇನೆ ಎಂದೆ. ಭಾಷಣ ಅಂದಿದ್ದರೆ ಎದ್ದು ಹೋಗುತ್ತಿದ್ದರು. ಕಥೆ ಅಂದರೆ ನಮ್ಮ ಹಟ್ಟಿಯಲ್ಲಿ ಯಾರೂ ಏಳುವುದಿಲ್ಲ.

"ಒಂದು ಬೇರು ಇತ್ತಂತೆ."

ಸುಮ್ಮನಾದೆ. ಕಥೆಗೆ ಒಬ್ಬರು ಹೂಂಗುಟ್ಟಬೇಕು. ಹೂಂ ಇಲ್ಲದೆ ಕಥೆ ಮುಂದೆ ಹೋಗಬಾರದು. ನಮ್ಮಲ್ಲಿ ಯಾರು ಕಥೆ ಹೇಳಿದರೂ ಹೂಂ ಮಾವನದೇ.

ಮಾವ ಮಾತಾಡಲಿಲ್ಲ.

"ಹೂಂ" ಎಂದ ಕೆಂಚಣ್ಣ.

"ನಿನ್ನ ಹೂಂ ಬ್ಯಾಡ ಕೆಂಚಣ್ಣ. ಓಟು ಕೇಳಾಕೆ ಬಂದೋರಿಗೆಲ್ಲ ಹೂಂ ಅಂದೋನು ನೀನು."

ನಗು. ಒಳಗೆ ಎತ್ತೊಂದು ಕೊರಳಗಂಟೆ ಅಲ್ಲಾಡಿಸಿತು. ನಾನು ಕಾದೆ.

"ಹೇಳು ಮುಂದಕ್ಕೆ," ಮಾವ ಅಂದರು, ನೆಲ ನೋಡುತ್ತ. "ಹೂಂ ಅನ್ನಲ್ಲ. ಕೇಳ್ತೀನಿ."

"ಆಗಲ್ಲ ಮಾವ. ಹೂಂ ಅಂದ್ರೆ ಒಪ್ಪಿದೀನಿ ಅಂತಲ್ಲ. ಇಲ್ಲೇ ಇದೀನಿ ಅಂತ. ನೀವು ಇಲ್ಲಿ ಇಲ್ಲ ಅಂದ್ರೆ ನಾನು ಯಾರಿಗೆ ಹೇಳ್ಲಿ?"

ಮಾವ ರುಮಾಲು ಬಿಚ್ಚಿ, ಕೊಡವಿ, ಮತ್ತೆ ಸುತ್ತಿಕೊಂಡರು.

"ಹೂಂ."

ಹೇಳಿದೆ. ಬೇರಿಗೆ ಬಾಯಾರಿಕೆ. ಮೇಲೆ ಬಿಸಿಲು, ಕೆಳಗೆ ಕತ್ತಲು. ಹೂಂ. ಮಳೆರಾಯ ಬರುವಾಗ ಬರಿಗೈಲಿ ಬರಲಿಲ್ಲ, ದಾರಿಯ ಕಲ್ಲಿನ ಮೈಯಿಂದ ಸುಣ್ಣ ತಂದ. ಹೂಂ. ಬೇರು ನೀರು ಕುಡಿಯಿತು, ಸುಣ್ಣ ಬೇಡ ಅಂದಿತು. ಬೇಡ ಅಂದ ಸುಣ್ಣ ಎಲ್ಲಿಗೆ ಹೋಗಬೇಕು? ಅದರ ಮೈಗೇ ಅಂಟಿತು, ನಮ್ಮ ಮನೆ ಹಂಡೆಗೆ ಅಂಟಿದ ಹಾಗೆ. ಹೆಂಗಸರೆಲ್ಲ ಹೂಂ ಎಂದರು. ಗೋಣಿ ಬಿಚ್ಚಿದೆ. ಹಸಿ ಬೇರನ್ನು ಮಾವನ ಕೈಗೆ ಕೊಟ್ಟೆ.

ಮಾವ ಉಗುರು ಹಾಕಿದರು. ಮೂಸಿ ನೋಡಿದರು. ತುದಿಯನ್ನು ನಾಲಿಗೆಗೆ ಮುಟ್ಟಿಸಿದರು.

"ಜಾಲಿ."

"ಹೂಂ ಮಾವ." ಈಗ ಹೂಂ ನನ್ನದು.

ಒಂದೊಂದಾಗಿ ಕೊಟ್ಟೆ. ಪರೆ ಕಟ್ಟಿದ್ದು, ದಾರವಾದದ್ದು, ತೂತಾದದ್ದು, ಗಟ್ಟಿಯಾದದ್ದು. ಬೇರು ಸತ್ತಿತು, ಅದರ ಅಂಗಿ ಉಳಿಯಿತು. ಅವು ಕೈಯಿಂದ ಕೈಗೆ ಹೋದವು. ಕೊನೆಗೆ ಎಲ್ಲವೂ ತಿರುಗಿ ಮಾವನ ಮಡಿಲಿಗೇ ಬಂದವು. ಅವರು ಅವನ್ನು ಸಾಲಾಗಿ ಜೋಡಿಸಿಕೊಂಡರು, ನಾನು ಕೊಟ್ಟ ಕ್ರಮದಲ್ಲೇ.

"ಹಂಗಾರೆ ಬೂದಿಗ ಎಲ್ಲಿ?"

ಅಜ್ಜಿ ಇದಕ್ಕೆ ಏನೂ ಹೇಳಿಕೊಟ್ಟಿರಲಿಲ್ಲ. ಸಿಹಿಯಾದ ಸುಳ್ಳೊಂದು ನಾಲಿಗೆ ತುದಿಗೆ ಬಂತು. ನುಂಗಿದೆ.

"ಗೊತ್ತಿಲ್ಲ ಮಾವ."

"ಆ ಶಿಲ್ಪಮ್ಮಂಗೆ?"

"ಅವಳಿಗೂ ಗೊತ್ತಿಲ್ಲ."

"ನಾಳೆ ಬೆಳಿಗ್ಗೆ ಕಲ್ಲು ಬರ್ತೈತೆ. ಎಲ್ಲಿ ನಿಲ್ಸ್ಲಿ?"

ಮಾವ ಎದ್ದರು. ಹಸಿ ಬೇರನ್ನು ಕೈಯಲ್ಲೇ ಹಿಡಿದುಕೊಂಡು ರೊಪ್ಪದೊಳಗೆ ಹೋದರು. ನಾವೂ ಹೋಗೋಣವೇ ಅಂತ ಕೆಂಚಣ್ಣ ಕೇಳಿದ, ಎಲ್ಲರೂ ಎದ್ದರು. ಹೋದರು.

ಕಥೆ ಮುಗಿಯಿತೋ ಇಲ್ಲವೋ ತಿಳಿಯಲಿಲ್ಲ.

ಏಪ್ರಿಲ್ 30, ಬುಧವಾರ. ಏರಿಯ ಮೇಲೆ ಕೂತು ಬರೆಯುತ್ತಿದ್ದೇನೆ.

ನಾನು ಬರುವಷ್ಟರಲ್ಲಿ ಕಲ್ಲು ಬಂದಿತ್ತು. ಟ್ರ್ಯಾಕ್ಟರಿನಿಂದ ಇಳಿಸಿ ಗುಂಡಿಯ ಅಂಚಿನಲ್ಲಿ ಮಲಗಿಸಿದ್ದರು. ನಿಲ್ಲಿಸಿರಲಿಲ್ಲ. ಮಾವ ಅದರ ಮೇಲೇ ಕೂತಿದ್ದರು. ನಿನ್ನೆ ಕಥೆ ಕೇಳಿದವರೆಲ್ಲ ಸುತ್ತ ನಿಂತಿದ್ದರು, ಗುದ್ದಲಿ ಬುಟ್ಟಿ ಸಮೇತ. ಯಾರು ಬರಹೇಳಿದರು ಅಂದರೆ ಯಾರಿಗೂ ಗೊತ್ತಿಲ್ಲ. ಹೊಸ ಸೀರೆಯಲ್ಲಿದ್ದಾಳೆ ಪ್ರೇಮಲತಾ. "ಕಲ್ಲು ನಿಲ್ಸಿದ್ರೆ ಪೂಜೆಗಾತು, ಅಗೆದ್ರೆ ಮಣ್ಣಿಗಾತು ಅಂತ ಉಟ್ಕೊಂಡೆ ಅಕ್ಕ" ಅನ್ನುತ್ತಾಳೆ.

ಮಾವ ನನ್ನನ್ನು ನೋಡಿದರು. ಎಷ್ಟು ದಿನದ ಮೇಲೆ.

"ಮೆಂಬ್ರೇ, ಹಾಜರಿ ಕೂಗು. ಅಗೀಲಿ. ಮೆಲ್ಲಗೆ ಅಗೀಬೇಕು, ಗುದ್ದಲಿ ಬೀಸಂಗಿಲ್ಲ. ಅವನು ಇನ್ನೂ ಕೆಳಗೆ ಇದ್ರೂ ಇರಬೋದು."

"ಸಿಗದಿದ್ರೆ ಮಾವ?"

"ಸಿಗೋಗಂಟ ಇದರ ಮ್ಯಾಲೆ ಕೂತಿರ್ತೀನಿ. ಕಲ್ಲು ಚೆನ್ನಾಗೈತೆ, ತಂಪಾಗೈತೆ."

ಇಳಿದರು. ಕೈಯಿಂದ, ಕುಡುಗೋಲಿನಿಂದ. ಬಿಳಿಯದು ಏನೇ ಸಿಕ್ಕರೂ ಬುಟ್ಟಿಗಲ್ಲ, ಮೊದಲು ಮಾವನ ಕೈಗೆ. ಅವರು ಬಿಸಿಲಿಗೆ ಹಿಡಿದು ತೂತು ನೋಡುತ್ತಾರೆ, ಕವಲು ಸವರುತ್ತಾರೆ, ಉಗುರು ಹಾಕುತ್ತಾರೆ.

"ಬೇರು."

ಪಕ್ಕಕ್ಕೆ.

"ಬೇರು."

ಪಕ್ಕಕ್ಕೆ. ಕೆಂಚಣ್ಣ ಒಂದು ತಂದು, ಇದಂತೂ ಪಕ್ಕೆಲುಬೇ ಅಂದ. "ನಿನ್ನ ತಲೆ. ಬೇರು" ಎಂದರು ಮಾವ.

ರಾಶಿ ಮೊಳಕಾಲುದ್ದ ಆಗಿದೆ. ಮೂಡಲಲ್ಲಿ ಮೋಡ ಕಟ್ಟುತ್ತಿದೆ. ಈಗ ಪ್ರೇಮಲತಾ ಕೆಳಗಿನಿಂದ ಏನೋ ಕೊಟ್ಟಳು. ಮಾವ ಅದನ್ನು ತಿರುಗಿಸಿ ನೋಡುತ್ತಿದ್ದಾರೆ. ಬೇರು ಅಂತ ಇನ್ನೂ ಅಂದಿಲ್ಲ. ಮತ್ತೆ ತಿರುಗಿಸಿದರು. ನನ್ನ ಕಡೆ ಕೈ ಎತ್ತಿ ಕರೆಯುತ್ತಿದ್ದಾರೆ. ಹೋಗಿ ನೋಡಿ ಬಂದು ಉಳಿದದ್ದು ಬರೆಯುತ್ತೇನೆ.